ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್ ಅಪ್‌ಗ್ರೇಡ್: ಮೊದಲು ಲೈಸೆನ್ಸ್, ಆಮೇಲೆ ಸ್ನ್ಯಾಪ್‌ಶಾಟ್, ಉಳಿದದ್ದು ಅದರ ನಂತರ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಎಸ್ಟೇಟ್ ಆಫೀಸುಗಳಲ್ಲಿ, ಹಾಸನದ ಡಿಟಿಪಿ ಅಂಗಡಿಗಳಲ್ಲಿ ಹಳೇ ವಿಂಡೋಸ್ ಇನ್ನೂ ಜೀವ ಹಿಡಿದುಕೊಂಡಿದೆ. ಕಾರಣ ಜಿಪುಣತನ ಅಲ್ಲ. ಎಸ್ಟೇಟ್ ರೈಟರ್ ವಾರದ ಬಟವಾಡೆ ಲೆಕ್ಕ ಹಾಕುವ ಪ್ರೋಗ್ರಾಂ ಬರೆದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ, ಡಿಟಿಪಿಯವರ ಹತ್ತು ಹದಿನೈದು ವರ್ಷದ ಫೈಲುಗಳೆಲ್ಲ ಪೇಜ್‌ಮೇಕರ್‌ನಲ್ಲಿ, ಹಳೇ ನುಡಿ ಫಾಂಟಿನಲ್ಲಿ ಕೂತಿವೆ. ಹೊಸ ಕಂಪ್ಯೂಟರ್ ತಂದರೂ ಹಳೆಯದನ್ನು ಎಸೆಯಲು ಆಗುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರಿನ ಒಳಗೇ ಒಂದು ವರ್ಚುವಲ್ ಮಷೀನ್ (ಸಾಫ್ಟ್‌ವೇರೇ ಸೃಷ್ಟಿಸಿಕೊಡುವ ಕಂಪ್ಯೂಟರ್, ಚಿಕ್ಕದಾಗಿ ವಿಎಂ) ಮಾಡಿ, ಅದರಲ್ಲಿ ಹಳೇ ವಿಂಡೋಸ್ ಓಡಿಸುವುದು ಈಗ ಮಾಮೂಲಾಗಿದೆ.

ಆ ಒಳಗಿನ ವಿಂಡೋಸ್‌ಗೂ ವಯಸ್ಸಾಗುತ್ತದೆ ಅಲ್ವಾ? ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಸಪೋರ್ಟ್ ಮುಗಿದಿದ್ದು 2020ರ ಜನವರಿ 14ಕ್ಕೆ, 8.1ಕ್ಕೆ 2023ರ ಜನವರಿ 10ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಮನೆಬಳಕೆಯವರಿಗೆ ವಿಂಡೋಸ್ 10ರ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಇದೆ, ಅದೂ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಮಷೀನ್ ವರ್ಚುವಲ್ ಆದ ಮಾತ್ರಕ್ಕೆ ವೈರಸ್ ಬಿಡುವುದಿಲ್ಲ. ಇಂಟರ್ನೆಟ್ ಕೊಟ್ಟಿದ್ದರೆ ಅದೂ ಬೇರೆ ಕಂಪ್ಯೂಟರುಗಳಷ್ಟೇ ಬಯಲಿಗೆ ಬಿದ್ದ ಹಾಗೆ.

ಇನ್ನು ಮುಂದೆ ಹೊರಗಿನ ನಿಜವಾದ ಕಂಪ್ಯೂಟರನ್ನು ಹೋಸ್ಟ್ ಎನ್ನುತ್ತೇನೆ, ಒಳಗೆ ಓಡುವ ವಿಂಡೋಸನ್ನು ಗೆಸ್ಟ್ ಎನ್ನುತ್ತೇನೆ.

ಲೈಸೆನ್ಸ್ ವಿಷಯ ಮೊದಲು ಮುಗಿಸಿ

ಜನ ಕೇಳುವುದು ಯಾವಾಗಲೂ ಒಂದೇ ಪ್ರಶ್ನೆ: "ಲ್ಯಾಪ್‌ಟಾಪ್ ಜೊತೆ ಒರಿಜಿನಲ್ ವಿಂಡೋಸ್ ಬಂದಿದೆಯಲ್ಲ, ಒಳಗಿನದಕ್ಕೂ ಅದೇ ಸಾಕಲ್ವಾ?" ಸಾಕಾಗುವುದಿಲ್ಲ. ವಿಂಡೋಸ್ 10 ಮತ್ತು 11ರ ಲೈಸೆನ್ಸ್ ಕರಾರಿನಲ್ಲೇ ಸ್ಪಷ್ಟವಾಗಿದೆ, ಒಂದು ಲೈಸೆನ್ಸಿಗೆ ಒಂದು ಡಿವೈಸ್, ಅದು ನಿಜವಾದದ್ದಿರಲಿ ವರ್ಚುವಲ್ ಇರಲಿ. ಒಂದೇ ಬೇಲಿಯೊಳಗೆ ಎರಡು ಸರ್ವೆ ನಂಬರ್ ಇದ್ದರೆ ಪಹಣಿ ಎರಡು ಇರುತ್ತದಲ್ಲ, ಹಾಗೆ. ಹೋಸ್ಟಿಗೊಂದು, ಗೆಸ್ಟಿಗೊಂದು. ಗೆಸ್ಟ್ ಮೂರಿದ್ದರೆ ಅವಕ್ಕೆ ಮೂರು ಬೇರೆ.

ಇನ್ನು ಯಾವ ತರದ ಲೈಸೆನ್ಸ್ ಅನ್ನುವುದು. ಕಂಪ್ಯೂಟರ್ ಜೊತೆಗೇ ಬಂದದ್ದನ್ನು ಓಇಎಂ ಅನ್ನುತ್ತಾರೆ. ಅದು ಆ ಡಬ್ಬಿಗೇ ಅಂಟಿಕೊಂಡದ್ದು. ಅಂಗಡಿಯಲ್ಲಿ ಅಥವಾ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸ್ಟೋರಿನಲ್ಲಿ ಬೇರೆಯಾಗಿ ಕೊಂಡದ್ದು ರೀಟೇಲ್. ಅದನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು, ಒಂದೇ ಹೊತ್ತಿಗೆ ಎರಡರಲ್ಲಿ ಇರಬಾರದು ಅಷ್ಟೇ. ವಿಎಂಗೆ ಬೇಕಾದದ್ದು ಈ ರೀಟೇಲ್. ನಿಮ್ಮಲ್ಲಿ ಇರುವುದು ಯಾವುದು ಅಂತ ನೋಡುವುದು ಸುಲಭ. ಗೆಸ್ಟ್ ಒಳಗೆ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಲ್‌ಎಂಜಿಆರ್ ಅಂತ ಹೊಡೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಡಿಎಲ್ಐ ಅಂತ ಸೇರಿಸಿ ಎಂಟರ್ ಒತ್ತಿ. ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಡಿಸ್ಕ್ರಿಪ್ಷನ್ ಅನ್ನುವ ಸಾಲಿನ ಕೊನೆಯಲ್ಲಿ ರೀಟೇಲ್, ಓಇಎಂ ಅಥವಾ ವಾಲ್ಯೂಮ್ ಅಂತ ಬರೆದಿರುತ್ತದೆ. ಮನೆಯಲ್ಲಿ ಅಥವಾ ಸಣ್ಣ ಅಂಗಡಿಯಲ್ಲಿ ವಾಲ್ಯೂಮ್ ಅಂತ ಬಂದರೆ ಅನುಮಾನ ಪಡಲೇಬೇಕು, ಯಾವುದೋ ದೊಡ್ಡ ಕಂಪನಿಯ ಕೀ ನಿಮ್ಮ ಹತ್ತಿರ ಬಂದಿರುವ ಸಾಧ್ಯತೆ ಜಾಸ್ತಿ.

ಆನ್‌ಲೈನ್‌ನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಸಿಗುವ ಕೀಗಳ ಕಥೆಯೂ ಬಹುಪಾಲು ಇದೇ. ಆಕ್ಟಿವೇಟ್ ಆಗುತ್ತದೆ, ಹೌದು. ಆಕ್ಟಿವೇಟ್ ಆಗುವುದು ಬೇರೆ, ಲೈಸೆನ್ಸ್ ಇರುವುದು ಬೇರೆ. ನಾಳೆ ಆ ಕೀ ಬ್ಲಾಕ್ ಆದರೆ ಕೇಳಲು ಬಿಲ್ಲೂ ಇಲ್ಲ, ಅಂಗಡಿಯೂ ಇಲ್ಲ. ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ, ಕಳ್ಳ ಕಾಪಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದ ಸ್ವಂತ ಬಳಕೆಯಾದರೆ ಕೋರ್ಟ್ ಜೈಲು ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಡಿಟಿಪಿ ಅಂಗಡಿ, ಎಸ್ಟೇಟ್ ಆಫೀಸು ಎರಡೂ ವ್ಯಾಪಾರವೇ.

ಸತ್ತುಹೋಗುತ್ತಿರುವ ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಹಾಗೇ ವಿಎಂ ಮಾಡಿಕೊಡಿ ಅಂತ ಕೇಳುವವರು ತುಂಬ ಜನ. ಡಿಸ್ಕ್2ವಿಎಚ್‌ಡಿ ಅಂತ ಮೈಕ್ರೋಸಾಫ್ಟ್‌ನದ್ದೇ ಒಂದು ಉಚಿತ ಟೂಲ್ ಇದೆ, ಓಡುತ್ತಿರುವ ಕಂಪ್ಯೂಟರಿನ ಡಿಸ್ಕನ್ನೇ ಒಂದು ಫೈಲಾಗಿ ಮಾಡಿಕೊಡುತ್ತದೆ. ತಾಂತ್ರಿಕವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಡಬ್ಬಿಯ ವಿಂಡೋಸ್ ಓಇಎಂ ಆಗಿದ್ದರೆ, ಅದರ ಲೈಸೆನ್ಸ್ ವಿಎಂ ಒಳಗೆ ಬರುವುದಿಲ್ಲ. ಹಳೇ ಡಬ್ಬಿ ಮೇಲಿನ ಸ್ಟಿಕ್ಕರ್ ಕಿತ್ತು ಹೊಸ ಕಂಪ್ಯೂಟರಿಗೆ ಅಂಟಿಸಿದರೂ ಅಷ್ಟೇ. ಡೇಟಾ ನಿಮ್ಮದು, ಅದನ್ನು ತೆಗೆದುಕೊಳ್ಳಿ. ವಿಂಡೋಸಿಗೆ ಹೊಸ ಲೈಸೆನ್ಸ್ ಬೇಕು.

ವಿಂಡೋಸ್ 7ರ ಕೀ ಹಾಕಿದರೆ 10 ಅಥವಾ 11 ಆಕ್ಟಿವೇಟ್ ಆಗುತ್ತದೆ ಅನ್ನುವ ಮಾತನ್ನು ಇನ್ನೂ ನಂಬಿಕೊಂಡವರಿದ್ದಾರೆ. ಆ ಉಚಿತ ಅಪ್‌ಗ್ರೇಡ್ ಅಧಿಕೃತವಾಗಿ ಮುಗಿದಿದ್ದು 2016ರ ಜುಲೈ 29ಕ್ಕೆ. ಬಾಗಿಲು ಪೂರ್ತಿ ಮುಚ್ಚದೆ ವರ್ಷಗಟ್ಟಲೆ ನಡೆಯಿತು, 2023ರ ಸೆಪ್ಟೆಂಬರ್‌ನಲ್ಲಿ ಅದನ್ನೂ ಮುಚ್ಚಿದರು. 10ರಿಂದ 11ಕ್ಕೆ ಮಾತ್ರ, ಸರಿಯಾದ ಲೈಸೆನ್ಸ್ ಇದ್ದರೆ, ದುಡ್ಡು ಕೊಡಬೇಕಿಲ್ಲ.

ಸುಮ್ನೆ ಪರೀಕ್ಷೆ ಮಾಡಿ ನೋಡಬೇಕು ಅನ್ನುವವರಿಗೆ ಮೈಕ್ರೋಸಾಫ್ಟ್ 90 ದಿನದ ಎಂಟರ್‌ಪ್ರೈಸ್ ಇವ್ಯಾಲ್ಯುಯೇಷನ್ ಕೊಡುತ್ತದೆ. ನಿಮ್ಮ ಬಟವಾಡೆ ಪ್ರೋಗ್ರಾಂ ವಿಂಡೋಸ್ 11ರಲ್ಲಿ ತೆರೆಯುತ್ತದೋ ಇಲ್ಲವೋ ಅಂತ ನೋಡಲು ಅದು ಬೇಕಾದಷ್ಟಾಯಿತು. ಅವಧಿ ಮುಗಿದ ಮೇಲೆ ಗಂಟೆಗೊಮ್ಮೆ ತಾನೇ ಆಫ್ ಆಗುತ್ತದೆ. ಕೀ ಹಾಕಿ ಅದನ್ನೇ ಮುಂದುವರಿಸಲೂ ಆಗುವುದಿಲ್ಲ, ಹೊಸದಾಗಿ ಹಾಕಬೇಕು. ಹಾಗಾಗಿ ಅದರಲ್ಲಿ ನಿಜವಾದ ಲೆಕ್ಕ ಬರೆಯಲು ಶುರು ಮಾಡಬೇಡಿ.

ವಿಎಂ ಓಡಿಸುವ ಸಾಫ್ಟ್‌ವೇರಿಗೂ ಕರಾರು ಇದೆ

ವರ್ಚುವಲ್‌ಬಾಕ್ಸ್‌ನ ಮುಖ್ಯ ಪ್ಯಾಕೇಜ್ ಓಪನ್ ಸೋರ್ಸ್, ಅಂಗಡಿಯಲ್ಲೂ ಧಾರಾಳವಾಗಿ ಬಳಸಬಹುದು. ಬೇರೆಯಾಗಿ ಡೌನ್‌ಲೋಡ್ ಆಗುವ ಎಕ್ಸ್‌ಟೆನ್ಷನ್ ಪ್ಯಾಕ್ ಹಾಗಲ್ಲ. ಅದು ಸ್ವಂತ ಬಳಕೆಗೆ, ಕಲಿಕೆಗೆ, ಪರೀಕ್ಷೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಒರಾಕಲ್‌ನಿಂದ ಲೈಸೆನ್ಸ್ ಕೊಳ್ಳಬೇಕು. ಮೊದಲೆಲ್ಲ ಯುಎಸ್‌ಬಿ 2 ಮತ್ತು 3 ಬೇಕೆಂದರೆ ಈ ಪ್ಯಾಕ್ ಹಾಕಲೇಬೇಕಿತ್ತು, ಅದಕ್ಕೇ ಎಲ್ಲರೂ ಕಣ್ಣು ಮುಚ್ಚಿ ಹಾಕುತ್ತಿದ್ದರು. 2022ರಲ್ಲಿ ಬಂದ 7.0ರಿಂದ ಆ ಯುಎಸ್‌ಬಿ ಭಾಗ ಮುಖ್ಯ ಪ್ಯಾಕೇಜಿಗೇ ಬಂದಿದೆ. ಡಾಂಗಲ್, ಪೆನ್‌ಡ್ರೈವ್‌ಗೆ ಪ್ಯಾಕ್ ಬೇಡ. ಆಫೀಸಿನಲ್ಲಿ ಹಾಕಿದ್ದರೆ ಇವತ್ತೇ ತೆಗೆದುಬಿಡಿ.

ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ, ವ್ಯಾಪಾರಕ್ಕೂ. ಹೈಪರ್-ವಿ ವಿಂಡೋಸ್ ಪ್ರೊ ಒಳಗೇ ಇರುತ್ತದೆ, ಹೋಮ್‌ನಲ್ಲಿ ಇಲ್ಲ. ನಾನು ಕೆಳಗೆ ಹೇಳುವುದು ವರ್ಚುವಲ್‌ಬಾಕ್ಸ್ ಹಿಡಿದು, ನಮ್ಮ ಕಡೆ ಜಾಸ್ತಿ ಇರುವುದು ಅದೇ.

ಕೈ ಹಾಕುವ ಮುಂಚೆ

ಕೊಯ್ಲಿನ ಟೈಮಲ್ಲಿ ಈ ಕೆಲಸ ಬೇಡ. ಅರೇಬಿಕಾ, ರೊಬಸ್ಟಾ ಎರಡೂ ಇರುವ ತೋಟದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೂ ವಾರ ವಾರ ಬಟವಾಡೆ, ಅದರ ಹಿಂದೆಯೇ ಮಾರ್ಚ್ ಎಂಡಿನ ಲೆಕ್ಕ. ಮಳೆಗಾಲದಲ್ಲಿ ಮಾಡೋಣ ಅಂದರೆ ಮಲೆನಾಡಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಏಪ್ರಿಲ್ ಕೊನೆ, ಮೇ ಶುರು ಒಳ್ಳೆಯದು. ಹೋಸ್ಟ್ ಲ್ಯಾಪ್‌ಟಾಪ್ ಆದರೆ ವಾಸಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬ್ಯಾಟರಿ ನಿಜವಾಗಲೂ ನಿಲ್ಲುತ್ತದಾ ಅಂತ ಪ್ಲಗ್ ಕಿತ್ತು ನೋಡಿ. ವಿಂಡೋಸ್ 11ರ ಐಎಸ್ಒ ಫೈಲ್ (ಇನ್‌ಸ್ಟಾಲ್ ಡಿಸ್ಕನ್ನೇ ಒಂದು ಫೈಲಾಗಿ ಮಾಡಿದ್ದು) 5 ಜಿಬಿಗಿಂತ ಜಾಸ್ತಿ ಇರುತ್ತದೆ, ತೋಟದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರುವ ಬದಲು ಪೇಟೆಯಲ್ಲಿ ಇಳಿಸಿಕೊಂಡು ಹೋಗಿ. ಇಳಿಸುವುದು ಮೈಕ್ರೋಸಾಫ್ಟ್ ಸೈಟಿನಿಂದಲೇ, ಯಾರೋ ಟೆಲಿಗ್ರಾಂನಲ್ಲಿ ಹಾಕಿದ್ದು ಬೇಡ.

ಗೆಸ್ಟ್ 32 ಬಿಟ್ಟಾ 64 ಬಿಟ್ಟಾ ಅಂತ ನೋಡಿ. ಇದು ಎಲ್ಲಕ್ಕಿಂತ ಮುಖ್ಯ. ವಿಂಡೋಸ್ 11 ಇರುವುದೇ 64 ಬಿಟ್. 32ರಿಂದ 64ಕ್ಕೆ ಇದ್ದಂತೆಯೇ ಅಪ್‌ಗ್ರೇಡ್ ಮಾಡಲು ದಾರಿ ಇಲ್ಲ, ಹೊಸದಾಗಿ ಹಾಕಬೇಕು. ಇನ್ನೊಂದು, ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. ಕಪ್ಪು ಪರದೆಯ ಬಿಲ್ಲಿಂಗ್ ಪ್ರೋಗ್ರಾಂ ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಿ.

ಅಂತಹವರಿಗೆ, ಮತ್ತು ವಿಂಡೋಸ್ 7 ವಿಎಂ ಇರುವ ಬಹಳ ಜನರಿಗೆ, ನನ್ನ ಸಲಹೆ ಅಪ್‌ಗ್ರೇಡ್ ಮಾಡಬೇಡಿ ಅಂತಲೇ. ಹಳೇ ವಿಎಂ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ ಅಡಾಪ್ಟರನ್ನೇ ಆಫ್ ಮಾಡಿ. ಇಂಟರ್ನೆಟ್ ಕಟ್. ಫೈಲು ಆಚೀಚೆ ಮಾಡಲು ಒಂದೇ ಒಂದು ಶೇರ್ಡ್ ಫೋಲ್ಡರ್ ಇಡಿ. ಹಳೇ ಪ್ರೋಗ್ರಾಂ ಅಲ್ಲೇ ಓಡಲಿ, ಇಮೇಲು, ಜಿಎಸ್‌ಟಿ, ಬ್ಯಾಂಕು ಎಲ್ಲ ಹೋಸ್ಟ್‌ನಲ್ಲಿ ಆಗಲಿ. ವಿಂಡೋಸ್ 7ರ ಸಪೋರ್ಟ್ ಮುಗಿದರೂ ನಿಮ್ಮ ರೀಟೇಲ್ ಲೈಸೆನ್ಸ್ ಮುಗಿದಿಲ್ಲ, ಅದನ್ನು ಬಳಸುವುದು ಪೂರ್ತಿ ಕಾನೂನುಬದ್ಧ.

10ರಿಂದ 11ಕ್ಕೆ: ಕೆಲಸದ ಕ್ರಮ

ವಿಂಡೋಸ್ 11 ಕೇಳುವುದು ಇಷ್ಟು: 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಎರಡು ಕೋರ್, ಯುಇಎಫ್ಐ (ಹಳೇ ಬಯಾಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ), ಸೆಕ್ಯೂರ್ ಬೂಟ್ (ನಂಬಬಹುದಾದ ಸಾಫ್ಟ್‌ವೇರನ್ನು ಮಾತ್ರ ಬೂಟ್ ಮಾಡಲು ಬಿಡುವುದು), ಟಿಪಿಎಂ 2.0 (ಗುಟ್ಟಿನ ಕೀಗಳನ್ನು ಕಾಯುವ ಸೆಕ್ಯುರಿಟಿ ಚಿಪ್). ಗೆಸ್ಟಿಗೇ 4 ಜಿಬಿ ಬೇಕು ಅಂದರೆ ಹೋಸ್ಟ್‌ನಲ್ಲಿ 8 ಇದ್ದರೆ ಕಷ್ಟಪಟ್ಟು ಓಡುತ್ತದೆ, 16 ಇದ್ದರೆ ಆರಾಮ. ಟಿಪಿಎಂ ಮತ್ತು ಸೆಕ್ಯೂರ್ ಬೂಟನ್ನು ವರ್ಚುವಲ್‌ಬಾಕ್ಸ್ 7.0ರಿಂದ ತಾನೇ ಸೃಷ್ಟಿಸಿಕೊಡುತ್ತದೆ, ಅದಕ್ಕಿಂತ ಹಳೆಯದಿದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ. ಹೋಸ್ಟ್‌ನ ಸಿಪಿಯು ವಿಂಡೋಸ್ 11ರ ಪಟ್ಟಿಯಲ್ಲಿ ಇರಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ತಲೆಮಾರಿನಿಂದ ಈಚೆಗೆ. ರಿಜಿಸ್ಟ್ರಿ ತಿದ್ದಿ ಈ ಚೆಕ್ ತಪ್ಪಿಸುವ ಉಪಾಯಗಳಿವೆ. ಆದರೆ ಅಂತಹ ಮಷೀನ್‌ಗೆ ಮುಂದೆ ಅಪ್‌ಡೇಟ್ ಸಿಗುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ದುಡಿಯುವ ಮಷೀನ್‌ನಲ್ಲಿ ಆ ಆಟ ಯಾಕೆ?

ಮೊದಲು ಗೆಸ್ಟ್ ಒಳಗೆ ಆಕ್ಟಿವೇಷನ್ ಪೇಜಿಗೆ ಹೋಗಿ ವಿಂಡೋಸ್ ಆಕ್ಟಿವೇಟ್ ಆಗಿದೆ ಅಂತ ಖಾತ್ರಿ ಮಾಡಿಕೊಳ್ಳಿ, ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿ. ಮುಂದೆ ನಾವು ಮಾಡುವ ಬದಲಾವಣೆ ನೋಡಿ ಇದು ಬೇರೆ ಕಂಪ್ಯೂಟರ್ ಅಂತ ವಿಂಡೋಸ್ ಅಂದುಕೊಳ್ಳಬಹುದು. ಆಗ ಅಕೌಂಟ್ ಜೋಡಿಸಿದ್ದರೆ, ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಅನ್ನುವುದನ್ನು ಆರಿಸಿದರೆ ಮತ್ತೆ ಆಕ್ಟಿವೇಟ್ ಆಗುವ ದಾರಿ ಇರುತ್ತದೆ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಸಸ್ಪೆಂಡ್ ಮಾಡಿ. ಟ್ಯಾಲಿ ಇದ್ದರೆ ಅದರ ಲೈಸೆನ್ಸ್ ಮೊದಲು ಸರೆಂಡರ್ ಮಾಡಿ, ಎಲ್ಲ ಮುಗಿದ ಮೇಲೆ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳಿ. ಅದೂ ಮಷೀನಿಗೆ ಕಟ್ಟಿದ್ದು.

ಆಮೇಲೆ ಡಿಸ್ಕ್. ಹಳೇ ಗೆಸ್ಟ್‌ಗಳಿಗೆ 40–50 ಜಿಬಿ ಕೊಟ್ಟಿರುವುದೇ ಜಾಸ್ತಿ. ವಿಎಂ ಪೂರ್ತಿ ಶಟ್‌ಡೌನ್ ಮಾಡಿ (ಸೇವ್ ಸ್ಟೇಟ್ ಅಲ್ಲ), ಹಳೇ ಸ್ನ್ಯಾಪ್‌ಶಾಟ್‌ಗಳಿದ್ದರೆ (ವಿಎಂ ಒಂದು ಹೊತ್ತಿನಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟದ್ದು) ಡಿಲೀಟ್ ಮಾಡಿ. ಡಿಲೀಟ್ ಅಂದರೆ ಗಾಬರಿ ಬೇಡ, ಹೋಗುವುದು ಹಿಂದಕ್ಕೆ ಮರಳುವ ಗುರುತು ಮಾತ್ರ, ಈಗಿನ ಡೇಟಾ ಇರುತ್ತದೆ. ಇಷ್ಟಾದ ಮೇಲೆ ಆ ವಿಎಂನ ಇಡೀ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಇದ್ದಂತೆ ಅಂತ ತಿಳಿದವರಿದ್ದಾರೆ. ಸ್ನ್ಯಾಪ್‌ಶಾಟ್ ಕೂತಿರುವುದು ಅದೇ ಡಿಸ್ಕಿನ ಮೇಲೆ, ಡಿಸ್ಕ್ ಹೋದರೆ ಎರಡೂ ಹೋಯಿತು. ಹೋಸ್ಟ್‌ನಲ್ಲಿ 60 ಜಿಬಿಯಾದರೂ ಖಾಲಿ ಇರಲಿ. ಅರ್ಧದಲ್ಲಿ ಹೋಸ್ಟ್ ಡಿಸ್ಕ್ ತುಂಬಿದರೆ ವರ್ಚುವಲ್‌ಬಾಕ್ಸ್ ವಿಎಂ ಅನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ.

ಈಗ ವರ್ಚುವಲ್‌ಬಾಕ್ಸ್‌ನ ಮೀಡಿಯಾ ಮ್ಯಾನೇಜರ್‌ನಲ್ಲಿ ಡಿಸ್ಕಿನ ಸೈಜ್ 80 ಅಥವಾ 100 ಜಿಬಿಗೆ ಎಳೆಯಿರಿ. ದೊಡ್ಡದು ಮಾಡಬಹುದು, ಮತ್ತೆ ಚಿಕ್ಕದು ಮಾಡಲು ಬರುವುದಿಲ್ಲ. ಗೆಸ್ಟ್ ಆನ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಹೊಸ ಜಾಗ ಕೊನೆಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿ, ಒತ್ತಲು ಬಾರದಂತೆ ಇರುತ್ತದೆ. ಬಹಳ ಜನ ಕೈಬಿಡುವುದು ಇಲ್ಲೇ. ಸರಿಯಾಗಿ ನೋಡಿ, ಸಿ ಡ್ರೈವಿಗೂ ಕಪ್ಪು ಪಟ್ಟಿಗೂ ನಡುವೆ 500 ಎಂಬಿ ಆಸುಪಾಸಿನ ಒಂದು ಸಣ್ಣ ರಿಕವರಿ ಪಾರ್ಟಿಷನ್ ಕೂತಿರುತ್ತದೆ. ಪಕ್ಕಪಕ್ಕದಲ್ಲಿ ಇದ್ದರೆ ಮಾತ್ರ ವಿಂಡೋಸ್ ಜಾಗ ಸೇರಿಸಿಕೊಳ್ಳುತ್ತದೆ. ಜಿಪಾರ್ಟೆಡ್ ಲೈವ್ ಅನ್ನುವ ಉಚಿತ ಐಎಸ್ಒದಿಂದ ವಿಎಂ ಬೂಟ್ ಮಾಡಿ, ಆ ರಿಕವರಿ ಪಾರ್ಟಿಷನ್ನನ್ನು ಹಿಡಿದು ಕೊನೆಗೆ ತಳ್ಳಿ, ಸಿ ಡ್ರೈವ್ ಹಿಗ್ಗಿಸಿ, ಅಪ್ಲೈ ಒತ್ತಿ. ಮುಗಿಯಿತು.

ಈಗ ವಿಎಂ ಶಟ್‌ಡೌನ್ ಮಾಡಿ ಸ್ನ್ಯಾಪ್‌ಶಾಟ್ ತೆಗೆಯಿರಿ, ಗುರುತಾಗುವ ಹೆಸರು ಕೊಡಿ.

ಮುಂದಿನದು ಯುಇಎಫ್ಐ. ಹಳೇ ಗೆಸ್ಟ್‌ಗಳು ಸಾಮಾನ್ಯವಾಗಿ ಬಯಾಸ್‌ನಲ್ಲಿ ಬೂಟ್ ಆಗುತ್ತಿರುತ್ತವೆ, ಅವುಗಳ ಡಿಸ್ಕಿನ ಪಾರ್ಟಿಷನ್ ಪಟ್ಟಿ ಹಳೇ ಎಂಬಿಆರ್ ಮಾದರಿಯದ್ದು, ಯುಇಎಫ್ಐಗೆ ಬೇಕಾದದ್ದು ಜಿಪಿಟಿ ಮಾದರಿ. ಸೆಟ್ಟಿಂಗ್ಸ್‌ಗೆ ಹೋಗಿ ಸೀದಾ ಇಎಫ್ಐ ಟಿಕ್ ಮಾಡಿದರೆ ವಿಂಡೋಸ್ ಬರುವುದಿಲ್ಲ, ಕಪ್ಪು ಪರದೆ ಮೇಲೆ ಶೆಲ್ ಅಂತ ಒಂದು ಸಾಲು ಮಿಟುಕುತ್ತಾ ಕೂತಿರುತ್ತದೆ. ಏನೂ ಹಾಳಾಗಿಲ್ಲ, ಟಿಕ್ ತೆಗೆದರೆ ಮೊದಲಿನಂತೆ ಬೂಟ್ ಆಗುತ್ತದೆ. ಸರಿಯಾದ ಕ್ರಮ ಏನೆಂದರೆ ಮೊದಲು ಡಿಸ್ಕ್ ಬದಲಾಯಿಸಬೇಕು. ಗೆಸ್ಟ್ ಒಳಗೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಂಬಿಆರ್2ಜಿಪಿಟಿ ಅನ್ನುವ ಟೂಲ್ ಓಡಿಸಿ, ವಿಂಡೋಸ್ 10ರಲ್ಲೇ ಇರುತ್ತದೆ. ಮೊದಲ ಸಲ ಸ್ಲ್ಯಾಶ್ ವ್ಯಾಲಿಡೇಟ್ ಜೊತೆ, ಅದು ಸರಿ ಅಂದರೆ ಎರಡನೇ ಸಲ ಸ್ಲ್ಯಾಶ್ ಕನ್ವರ್ಟ್ ಜೊತೆ. ಎರಡೂ ಸಲ ಕೊನೆಗೆ ಸ್ಲ್ಯಾಶ್ ಅಲೌಫುಲ್‌ಓಎಸ್ (allowFullOS) ಅಂತ ಬಿಡದೆ ಸೇರಿಸಿ, ಇಲ್ಲದಿದ್ದರೆ ಓಡುವ ವಿಂಡೋಸ್ ಒಳಗಿಂದ ಕೆಲಸ ಮಾಡಲ್ಲ ಅನ್ನುತ್ತದೆ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇದ್ದರೂ ಒಪ್ಪುವುದಿಲ್ಲ. ಆದಮೇಲೆ ಶಟ್‌ಡೌನ್ ಮಾಡಿ, ವಿಎಂ ಸೆಟ್ಟಿಂಗ್ಸ್‌ನ ಸಿಸ್ಟಂನಲ್ಲಿ ಇಎಫ್ಐ, ಸೆಕ್ಯೂರ್ ಬೂಟ್, ಟಿಪಿಎಂ 2.0 ಮೂರನ್ನೂ ಆನ್ ಮಾಡಿ ಸ್ಟಾರ್ಟ್ ಮಾಡಿ.

ಹೈಪರ್-ವಿ ಬಳಸುವವರಿಗೆ ಒಂದು ಕೆಟ್ಟ ಸುದ್ದಿ, ಜನರೇಷನ್ 1 ಅಂತ ಮಾಡಿದ ವಿಎಂನ ಜನರೇಷನ್ ಆಮೇಲೆ ಬದಲಾಯಿಸಲು ಬರುವುದಿಲ್ಲ, ಹೊಸದಾಗಿ ಜನರೇಷನ್ 2 ಮಾಡಬೇಕು. ವಿಎಂವೇರ್‌ನಲ್ಲಿ ಟಿಪಿಎಂ ಬೇಕೆಂದರೆ ವಿಎಂ ಎನ್‌ಕ್ರಿಪ್ಟ್ ಮಾಡಬೇಕು, ಆ ಪಾಸ್‌ವರ್ಡ್ ಕಳೆದರೆ ವಿಎಂ ಕಳೆದಂತೆ. ಡೈರಿಯಲ್ಲಿ ಬರೆಯಿರಿ.

ಇಷ್ಟಾದರೆ ಅಪ್‌ಗ್ರೇಡ್ ಅನ್ನುವುದು ಬರೀ ಕಾಯುವ ಕೆಲಸ. ಐಎಸ್ಒವನ್ನು ವಿಎಂನ ಸಿಡಿ ಡ್ರೈವಿಗೆ ಹಾಕಿ, ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪ್ ಎರಡನ್ನೂ ಇಟ್ಟುಕೊಳ್ಳುವ ಆಯ್ಕೆ ಟಿಕ್ ಆಗಿದೆಯಾ ನೋಡಿ ಮುಂದೆ ಹೋಗಿ. ಆ ಆಯ್ಕೆ ಮಂಕಾಗಿದ್ದರೆ ಐಎಸ್ಒ ಭಾಷೆ ಅಥವಾ ಎಡಿಷನ್ ಗೆಸ್ಟಿಗೆ ಹೊಂದುತ್ತಿಲ್ಲ ಅಂತ ಅನುಮಾನಿಸಿ. ಹಿಂದೆ ಹೋಗಿ ಸರಿಯಾದದ್ದು ತನ್ನಿ, ಮುಂದೆ ಒತ್ತಬೇಡಿ. ಮಧ್ಯೆ ಕರೆಂಟ್ ಹೋಗಿ ಕೆಟ್ಟರೆ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿ, ಮತ್ತೆ ಶುರು. ವಿಎಂ ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಂಡರೆ ಹೋಸ್ಟ್‌ನಲ್ಲಿ ಹೈಪರ್-ವಿ ಆನ್ ಇದೆ, ವಿಎಂ ಅದರ ಮೇಲೆ ನಿಧಾನ ಓಡುತ್ತಿದೆ ಅಂತ ಅರ್ಥ. ಕೆಲಸ ನಡೆಯುತ್ತದೆ, ಟೈಮ್ ಜಾಸ್ತಿ ಹಿಡಿಯುತ್ತದೆ.

ಮುಗಿದ ಮೇಲೆ ನೋಡಬೇಕಾದ್ದು

ಆಕ್ಟಿವೇಷನ್ ಪೇಜ್ ನೋಡಿ. ಗೆಸ್ಟ್ ಅಡಿಷನ್ಸ್ (ಗೆಸ್ಟ್ ಒಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಡ್ರೈವರುಗಳು) ಹೊಸದು ಹಾಕಿ, ಇಲ್ಲದಿದ್ದರೆ ಪರದೆ ಸೈಜೂ ಶೇರ್ಡ್ ಫೋಲ್ಡರೂ ಕೈ ಕೊಡುತ್ತವೆ. ಡಿಟಿಪಿಯವರು ಹಳೇ ಫೈಲೊಂದು ತೆರೆದು ಸುಮ್ನೆ ಪರದೆ ನೋಡಿ ಬಿಡಬೇಡಿ, ಪ್ರಿಂಟ್ ತೆಗೆಯಿರಿ. "ಕಾರ್ಯಾಲಯ", "ರಾಷ್ಟ್ರೀಯ" ತರದ ಪದ ಇರುವ ಪುಟ ಆರಿಸಿ. ಹಳೇ ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಬೇರೆ ಬೇರೆ ತುಂಡಾಗಿ ಕೂತಿರುತ್ತವೆ, ಫಾಂಟ್ ಸರಿಯಾಗಿ ಬಂದಿಲ್ಲದಿದ್ದರೆ ಮೊದಲು ಎಡವಟ್ಟಾಗುವುದು ಅಲ್ಲೇ. ಎಸ್ಟೇಟಿನವರು ಹಳೇ ವಾರದ ಒಂದು ಬಟವಾಡೆ ಮತ್ತೆ ಹಾಕಿ ಹಿಂದಿನ ಪ್ರಿಂಟಿನ ಪಕ್ಕ ಇಟ್ಟು ನೋಡಿ.

ಹೋಸ್ಟ್ ಬದಲಾದಾಗ ವಿಎಂ ಹೊಸ ಕಂಪ್ಯೂಟರಿಗೆ ಒಯ್ಯುವುದಾದರೆ, ವಿಎಂವೇರ್ ಒಂದು ಪ್ರಶ್ನೆ ಕೇಳುತ್ತದೆ, ಮೂವ್ ಮಾಡಿದಿರಾ ಕಾಪಿ ಮಾಡಿದಿರಾ ಅಂತ. ಮೂವ್ ಅನ್ನಿ, ಮಷೀನಿನ ಗುರುತಿನ ನಂಬರ್ ಹಾಗೇ ಉಳಿಯುತ್ತದೆ. ಹಾಗಂತ ಹಳೇ ಹೋಸ್ಟ್‌ನಲ್ಲೂ ಅದನ್ನು ಓಡಿಸುತ್ತಾ ಇರಬೇಡಿ, ಆಗ ಲೈಸೆನ್ಸ್ ಎರಡು ಬೇಕು.

ಲೈಸೆನ್ಸಿಗೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ವಿಂಡೋಸ್ ಬದಲು ಉಚಿತವಾದ ಉಬುಂಟು ಲಿನಕ್ಸ್ ಇದೆ, ಎಷ್ಟು ವಿಎಂ ಬೇಕಾದರೂ ಮಾಡಿ, ಯಾರೂ ಕೇಳುವುದಿಲ್ಲ. ಎಲ್‌ಟಿಎಸ್ ಅನ್ನುವ ದೀರ್ಘಕಾಲದ ಸಪೋರ್ಟ್ ಇರುವ ಆವೃತ್ತಿಗೆ 5 ವರ್ಷ ಅಪ್‌ಡೇಟ್ ಸಿಗುತ್ತದೆ. ಮ್ಯಾಕ್ಓಎಸ್ ಮಾತ್ರ ಬೇರೆ ಲೆಕ್ಕ, ಆಪಲ್ ಕರಾರಿನ ಪ್ರಕಾರ ಅದು ಆಪಲ್ ಕಂಪ್ಯೂಟರಿನ ಮೇಲೆ ಮಾತ್ರ, ಅಲ್ಲೂ ಎರಡು ವಿಎಂವರೆಗೆ, ಸಾಫ್ಟ್‌ವೇರ್ ಪರೀಕ್ಷೆ ಅಥವಾ ವ್ಯಾಪಾರಕ್ಕಲ್ಲದ ಸ್ವಂತ ಬಳಕೆಯಂತಹ ಕೆಲಸಕ್ಕೆ. ಮಾಮೂಲಿ ಪಿಸಿಯಲ್ಲಿ ಮ್ಯಾಕ್ ಓಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ.

ಎರಡು ಮೂರು ಬಟವಾಡೆ ಸರಿಯಾಗಿ ಆದಮೇಲೆ ಅಪ್‌ಗ್ರೇಡ್‌ಗೆ ಮುಂಚಿನ ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿ, ಇಟ್ಟುಕೊಂಡಷ್ಟೂ ಅದು ಬೆಳೆಯುತ್ತಾ ಡಿಸ್ಕ್ ತಿನ್ನುತ್ತದೆ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರುವ ಹಳೇ ಫೋಲ್ಡರ್ ಮಾತ್ರ ಇರಲಿ, ಅದರ ಜೊತೆಗೇ ಲೈಸೆನ್ಸ್ ಕೊಂಡ ಜಿಎಸ್‌ಟಿ ಬಿಲ್ಲಿನ ಸ್ಕ್ಯಾನ್ ಕೂಡ ಹಾಕಿಡಿ.